ಪರದೆ ಮನೆಗಳ ದಾಕಿನಮ್ಮ

ನಮ್ಮೂರಿನ ಗಂಡಸರಿಗೆ ನಗುವುದಕ್ಕೆ ಹೆಚ್ಚೇನೂ ಬೇಕಾಗುತ್ತಿರಲಿಲ್ಲ. ಯುದ್ಧದ ಆ ವರ್ಷಗಳಲ್ಲಿ ಮಳವಳ್ಳಿಯ ಪೇಟೆ ಬೀದಿಯಲ್ಲಿ ನಜ್ಮುನ್ನೀಸಾ ಕಪ್ಪು ಬುರಖಾ ತೊಟ್ಟು ಮುಂದೆ ಮುಂದೆ ನಡೆಯುವಳು, ಅವಳ ಗಂಡ ಗಫಾರ್ ತಗಡಿನ ಪೆಟ್ಟಿಗೆಯನ್ನು ಎಡಗೈಯಲ್ಲಿ ಹಿಡಿದು ಹಿಂದೆ ಹಿಂದೆ ಬರುವನು. ಅಷ್ಟು ಕಂಡರೆ ಸಾಕು, ಕಾಫಿ ಹೋಟೆಲಿನ ಬೆಂಚುಗಳಿಗೆಲ್ಲ ಜೀವ ಬರುತ್ತಿತ್ತು.

"ಲೇ ಗಫಾರು, ಎಂಡ್ತಿ ಪೆಟ್ಗೆ ಒತ್ಕಂಡು ಯಾವ್ ಕಡೀಗ್ಲಾ ಸವಾರಿ?" ಎಂದು ಚೌಡಯ್ಯ ಕೂಗುವನು. ಚೌಡಯ್ಯ ಸಿಡುಬು ಬಾರದಂತೆ ಊರಿಗೆಲ್ಲ ದಾಕು ಹಾಕುವ ಸರ್ಕಾರಿ ನೌಕರ.

ಗಫಾರ್ ನಿಲ್ಲದೆಯೇ ಉತ್ತರ ಕೊಡುವನು. "ನಿಮ್ಮನೇಲಿ ಒಂದ್ ಸಂಬ್ಳಕ್ಕೆ ಒಬ್ನೇ ದುಡೀತೀಯ. ನಮ್ಮನೇಲಿ ಒಂದ್ ಸಂಬ್ಳಕ್ಕೆ ಇಬ್ರು. ಸರ್ಕಾರುಕ್ಕೆ ಯಾರ್ ಲಾಭ ಯೋಳ್ಲಾ!"

ಗಫಾರ್ ಮೊದಲು ಬಸ್ಸಿನ ಮೆಕ್ಯಾನಿಕ್ಕು. ಯುದ್ಧಕ್ಕೆ ಪೆಟ್ರೋಲು ಹೊರಟುಹೋದ ಮೇಲೆ ನಮ್ಮ ಕಡೆಯ ಬಸ್ಸುಗಳೆಲ್ಲ ಬೆನ್ನಿಗೊಂದು ಉರುಳೆ ಕಟ್ಟಿಕೊಂಡು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವಲ್ಲ, ಮದ್ದೂರಿನಲ್ಲಿ ಅಂಥದೊಂದು ಉರುಳೆಯ ಮುಚ್ಚಳ ತೆಗೆಯುವಾಗ ಬೆಂಕಿ ಹಾರಿ ಅವನ ಬಲಗೈ ಬೆಂದುಹೋಯಿತು. ಬೆರಳುಗಳು ಒಂದಕ್ಕೊಂದು ಅಂಟಿಕೊಂಡವು. ಸ್ಪ್ಯಾನರು ಹಿಡಿಯಲಾರದ ಮೆಕ್ಯಾನಿಕ್ಕನ್ನು ಯಾರು ಇಟ್ಟುಕೊಳ್ಳುತ್ತಾರೆ? ಅಂದಿನಿಂದ ಅವರ ಮನೆಯ ಒಲೆ ಉರಿಯುತ್ತಿದ್ದುದು ನಜ್ಮುನ್ನೀಸಾಳ ದಾಕಿನಿಂದ. ಒಂಟಿ ಹೆಂಗಸು ಬೀದಿ ಬೀದಿ ತಿರುಗಬಾರದೆಂದು ಗಂಡನೇ ಜೊತೆಗೆ ಹೋಗುತ್ತಿದ್ದ. ಚೌಡಯ್ಯನ ಪೆಟ್ಟಿಗೆ ಹೊರಲು ಸರ್ಕಾರವೇ ಒಬ್ಬ ಜವಾನನನ್ನು ಕೊಟ್ಟಿತ್ತು. ಗಫಾರನಿಗೆ ಜವಾನನ ಒಂದು ಟೋಪಿಯೂ ಇಲ್ಲ.

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದರೆ, ನಜ್ಮುನ್ನೀಸಾ ಮತ್ತು ನಾನು ಮಿಡ್ಲ್ ಸ್ಕೂಲಿನವರೆಗೆ ಒಂದೇ ಚಾಪೆಯಲ್ಲಿ ಕೂತು ಓದಿದವರು. ನಾನು ಮುಂದೆ ಅದೇ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದೆ. ಊರಿಗೆ ನಾನು ಶ್ರೀಮತಿ ಟೀಚರಮ್ಮ, ಅವಳಿಗೆ ಮಾತ್ರ ಬರೀ ಶ್ರೀಮತಿ.

ಅವಳಿಗೆ ಆ ಕೆಲಸ ಸಿಕ್ಕಿದ್ದು ಸಿಡುಬಿನ ದೆಸೆಯಿಂದ. ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಸುತ್ತಿನ ಹಳ್ಳಿಗಳಲ್ಲಿ ಸಿಡುಬು ಕಾಣಿಸಿಕೊಂಡಿತು. ಚೌಡಯ್ಯ ಮನೆಮನೆ ತಿರುಗಿ ದಾಕು ಹಾಕಿದ. ಸಾಬರ ಬೀದಿಗೆ ಬಂದಾಗ ಗಂಡಸರೂ ಹುಡುಗರೂ ಜಗಲಿಗೆ ಬಂದು ತೋಳು ಕೊಟ್ಟರು, ಹೆಂಗಸರು ಬಾಗಿಲ ಹಿಂದೆಯೇ ಉಳಿದರು. ಸಿಡುಬಿಗೇನು ಗೋಷಾ ಉಂಟೇ? ಅದು ಒಳಮನೆಗೂ ನುಗ್ಗುತ್ತದೆ. ಆಗ ಮೇಲಿನವರಿಗೆ ಹೆಂಗಸೊಬ್ಬಳು ಬೇಕೆಂದು ತೋಚಿತು. ಕನ್ನಡ ಓದು ಬರಹ ಬಲ್ಲ, ಆ ಮನೆಗಳಿಗೆ ಹೋಗಬಲ್ಲ ಹೆಂಗಸು ನಮ್ಮೂರಿನಲ್ಲಿ ಅವಳೊಬ್ಬಳೇ. ಮಂಡ್ಯಕ್ಕೆ ಹೋಗಿ ಕೆಲಸ ಕಲಿತು ಬಂದಳು. ಬೆಂಗಳೂರಿನಿಂದ ರೈಲಿನಲ್ಲಿ ಮದ್ದೂರಿಗೆ, ಮದ್ದೂರಿನಿಂದ ಬಸ್ಸಿನಲ್ಲಿ ಮಳವಳ್ಳಿಗೆ ಬರುತ್ತಿದ್ದ ಔಷಧಿಯ ಸಣ್ಣ ಗಾಜಿನ ನಳಿಗೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೂಸಿನ ಹಾಗೆ ಜೋಪಾನ ಮಾಡುತ್ತಿದ್ದಳು. ಬಿಸಿಲು ತಾಗಿದರೆ ಆ ಔಷಧಿ ಸತ್ತಂತೆಯೇ.

ಕೆಲಸವೇನೋ ಸಿಕ್ಕಿತು, ಆದರೆ ಅದು ಹಂಗಾಮಿ. ಮೂರು ಮೂರು ತಿಂಗಳಿಗೆ ಹೊಸ ಆರ್ಡರು ಬರಬೇಕು. ಬಾರದಿದ್ದರೆ ಇಲ್ಲ. ಚೌಡಯ್ಯನಿಗಿಂತ ಸಂಬಳ ಕಡಿಮೆ. ಚೌಡಯ್ಯನಿಗೆ ಸೈಕಲ್ ಭತ್ಯೆ ಉಂಟು, ಇವಳಿಗೆ ಇಲ್ಲ, ಹೆಂಗಸರು ಸೈಕಲ್ ಹತ್ತುವುದಿಲ್ಲವಲ್ಲ! ಹತ್ತದವರು ನಡೆಯುತ್ತಾರೆ, ನಡೆದವರ ಚಪ್ಪಲಿ ಸವೆಯುತ್ತದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ. ಪಕ್ಕದ ಊರು ಕಿರುಗಾವಲಿಗೆ ಹೋದರೂ ಬಸ್ಸಿನ ಖರ್ಚು ಅವಳದೇ.

ಇದನ್ನೆಲ್ಲ ಅವಳು ಸಹಿಸಿಕೊಂಡಿದ್ದಳು. ಸಹಿಸಲಾಗದ್ದು ಇನ್ನೊಂದಿತ್ತು. ದಾಕು ಹಾಕಿದ ಎಂಟನೆಯ ದಿನ ತೋಳಿನ ಮೇಲೆ ಗುಳ್ಳೆ ಎದ್ದಿರಬೇಕು. ಎದ್ದರೆ ದಾಕು ಹತ್ತಿತು ಎಂದರ್ಥ, ಏಳದಿದ್ದರೆ ಮತ್ತೆ ಹಾಕಬೇಕು. ಎದ್ದದ್ದನ್ನೂ ಅದರ ಕಲೆಯನ್ನೂ ಹೆಲ್ತ್ ಇನ್‌ಸ್ಪೆಕ್ಟರು ಸ್ವಂತ ಕಣ್ಣಿನಿಂದ ನೋಡಿ ಒಪ್ಪಬೇಕೆಂಬುದು ನಿಯಮ. ನೋಡದ ದಾಕು ಲೆಕ್ಕಕ್ಕಿಲ್ಲ. ಚೌಡಯ್ಯ ಹಾಕಿದ್ದನ್ನು ಬೀದಿಯಲ್ಲೇ ನೋಡಿ ಮುಗಿಸುತ್ತಿದ್ದರು. ನಜ್ಮುನ್ನೀಸಾ ಹಾಕಿದ್ದೆಲ್ಲ ಒಳಮನೆಗಳಲ್ಲಿ. ಗಂಡಸಿಗೆ ತೋಳು ತೋರಿಸದ ಹೆಂಗಸರಿಗೆಂದೇ ಒಬ್ಬ ಹೆಂಗಸನ್ನು ನೇಮಿಸಿ, ಆ ಹೆಂಗಸರು ಗಂಡಸಿಗೆ ತೋಳು ತೋರಿಸಿದರೆ ಮಾತ್ರ ಅವಳ ಕೆಲಸ ಒಪ್ಪುತ್ತೇವೆ ಎಂದರೆ! ಈ ನಿಯಮ ಬರೆದವನು ಕೈಗೆ ಸಿಕ್ಕಿದ್ದರೆ ನಮ್ಮ ಶಾಲೆಯ ಮೂರನೆಯ ತರಗತಿಯಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಇನ್‌ಸ್ಪೆಕ್ಟರು ವೆಂಕಟೇಶಮೂರ್ತಿಗಳು ಕೆಟ್ಟವರಲ್ಲ. ಬರೀ ಪುಕ್ಕಲರು. ನಾನೇ ಅವರ ಬಳಿಗೆ ಹೋಗಿ, "ನಾನು ಒಳಗೆ ಹೋಗಿ ಒಂದೊಂದು ತೋಳೂ ನೋಡಿ ಬರೆದುಕೊಡುತ್ತೇನೆ, ಆಗದೇ?" ಎಂದೆ.

"ತಾವು ನೋಡಿದರೆ ತಾವು ನೋಡಿದ ಹಾಗಾಗುತ್ತದೆ ತಾಯಿ, ನಾನು ನೋಡಿದ ಹಾಗಾಗುವುದಿಲ್ಲ," ಎಂದರು. ಆಮೇಲೆ ದನಿ ತಗ್ಗಿಸಿ, "ಈ ತಿಂಗಳ ಕೊನೆಗೆ ಆಕೆಯ ಆರ್ಡರು ಮುಗಿಯುತ್ತದೆ. ಒಂದು ಬೀದಿ, ಒಂದೇ ಒಂದು ಬೀದಿ ಪೂರ್ತಿ ನನಗೆ ತೋರಿಸಲಿ. ಖಾಯಂ ಮಾಡಿ ಎಂದು ನಾನೇ ಬರೆಯುತ್ತೇನೆ. ಇಲ್ಲದಿದ್ದರೆ ನನ್ನ ಕೈಯಲ್ಲಿ ಏನೂ ಇಲ್ಲ," ಎಂದರು.

ಖಾಯಂ ಎಂಬ ಮಾತು ಕೇಳಿದ ದಿನದಿಂದ ನಜ್ಮುನ್ನೀಸಾಳ ನಿದ್ದೆ ಹೋಯಿತು. ಖಾಯಂ ಆದರೆ ಸಂಬಳ ಚೌಡಯ್ಯನ ಸಮ, ಮುಪ್ಪಿಗೆ ಪಿಂಚಣಿ. ಆಗದಿದ್ದರೆ ತಿಂಗಳಾಚೆಗೆ ಏನೂ ಇಲ್ಲ.

ದಾರಿ ತೋರಿಸಿದವರು ಸರ್ವರ್ ಬೇಗಂ. ಬಟ್ಟೆ ಅಂಗಡಿ ನಯಾಜ್ ಪಾಷಾನ ತಾಯಿ, ಆ ಬೀದಿಯ ಹೆಂಗಸರಿಗೆಲ್ಲ ಹಿರಿಯಕ್ಕ. ಅವರು ಹೂಂ ಎಂದರೆ ಎಲ್ಲ ಮನೆಯ ಬಾಗಿಲೂ ತೆರೆಯುತ್ತವೆ, ಊಹೂಂ ಎಂದರೆ ಮುಚ್ಚುತ್ತವೆ. ನಜ್ಮುನ್ನೀಸಾ ಅವರನ್ನು ಖಾಲಾ, ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು.

"ಅವನಿಗೆ ತೋಳು ತಾನೇ ಬೇಕು? ತೋಳಿಗೇನು ಮುಖ ಇದೆಯಾ?" ಎಂದರು ಸರ್ವರ್ ಬೇಗಂ. "ನಮ್ಮ ಪಡಸಾಲೆ ಬಾಗಿಲಿಗೆ ಒಂದು ದುಪ್ಪಟಿ ಕಟ್ಟೋಣ. ನಡುವೆ ಸೀಳು ಬಿಡೋಣ. ಅವನು ಜಗಲೀಲಿ ಕೂತು ಹೆಸರು ಕೂಗಲಿ, ನಾವು ಒಳಗಿಂದ ತೋಳು ಹಾಕ್ತೀವಿ. ನೋಡ್ಕಂಡು ಹೋಗಲಿ."

ಇನ್‌ಸ್ಪೆಕ್ಟರೂ ಒಪ್ಪಿದರು. ಗೊತ್ತಾದ ದಿನ ಬೆಳಗ್ಗೆ ಆ ಪಡಸಾಲೆಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿದರು. ನನ್ನನ್ನೂ ಕರೆದಿದ್ದರು. ಅವರವರಲ್ಲಿ ಉರ್ದು, ನನ್ನ ಸಲುವಾಗಿ ಕನ್ನಡ, ಒಟ್ಟಿನಲ್ಲಿ ಮದುವೆ ಮನೆಯ ಗದ್ದಲ. ಹೊರಗೆ ಜಗಲಿಯ ಕುರ್ಚಿಯಲ್ಲಿ ವೆಂಕಟೇಶಮೂರ್ತಿಗಳು, ಪಕ್ಕದಲ್ಲಿ ಪೆಟ್ಟಿಗೆ ಹಿಡಿದ ಗಫಾರ್. ಬೀದಿಯ ಮನೆಗಳ ಹೆಂಗಸರ ಹೆಸರುಗಳನ್ನು ಅವರು ಒಂದೊಂದಾಗಿ ಕೂಗಿದರು. ಬಳೆ ತುಂಬಿದ ತೋಳು, ಸುಕ್ಕು ತೋಳು, ಅಡಿಗೆ ಮನೆಯಿಂದ ಓಡಿಬಂದ ಹಿಟ್ಟಿನ ತೋಳು, ಒಂದೊಂದಾಗಿ ದುಪ್ಪಟಿಯಾಚೆ ಹೋಗಿ ಬಂದವು. ಪಾಪ, ಇನ್‌ಸ್ಪೆಕ್ಟರು ತೋಳನ್ನು ಮುಟ್ಟದೆ ಪೆನ್ಸಿಲಿನಿಂದ ಗಾಳಿಯಲ್ಲೇ ತೋರಿಸುತ್ತ, "ಎದ್ದಿದೆ, ಸರಿ. ಎದ್ದಿದೆ, ಸರಿ," ಎನ್ನುತ್ತಿದ್ದರಂತೆ. ಒಳಗೆ ಹೆಂಗಸರು ಬಾಯಿಗೆ ಸೆರಗಿಟ್ಟು ನಗುತ್ತಿದ್ದರು. ನಜ್ಮುನ್ನೀಸಾ ಮಾತ್ರ ನಗಲಿಲ್ಲ. ದುಪ್ಪಟಿಯ ಪಕ್ಕ ನಿಂತು, ಪ್ರತಿ "ಸರಿ"ಗೂ ಉಸಿರು ಬಿಡುತ್ತಿದ್ದಳು.

ಕೊನೆಯಲ್ಲಿ ಒಂದು ಹೆಸರು ಉಳಿದಿತ್ತು. ಶರೀಫುನ್ನೀಸಾ, ಸರ್ವರ್ ಬೇಗಂ ಅವರ ಹೊಸ ಸೊಸೆ. ಚನ್ನಪಟ್ಟಣದ ಹುಡುಗಿ. ಬೀದಿಗೆಲ್ಲ ದಾಕು ಹಾಕಿದಾಗ ಅವಳು ತೌರಿಗೆ ಹೋಗಿದ್ದಳು. ತಿರುಗಿ ಬಂದ ಮೇಲೆ ನಜ್ಮುನ್ನೀಸಾ ಎಷ್ಟು ಸಲ ಕೇಳಿದರೂ ಅತ್ತೆ ಬಿಡಲಿಲ್ಲ. "ದಾಕಿಗೆ ಜ್ವರ ಬರುತ್ತೆ. ಮೊನ್ನೆ ಮೊನ್ನೆ ತಂದ ಹುಡುಗಿ, ಜ್ವರ ಬಂದು ಸೊರಗಿದರೆ ಚನ್ನಪಟ್ಟಣದವರು ನನ್ನನ್ನ ಸುಮ್ನೆ ಬಿಡ್ತಾರಾ?" ಎನ್ನುತ್ತಿದ್ದರು. ಅವಳಿಗೆ ಹಾಕಿಲ್ಲವೆಂದು ನಜ್ಮುನ್ನೀಸಾ ಮೊದಲೇ ಬರೆದುಕೊಟ್ಟಿದ್ದಳು.

"ಶರೀಫುನ್ನೀಸಾ," ಎಂದು ಕೂಗಿದರು ಇನ್‌ಸ್ಪೆಕ್ಟರು. "ಇದೊಂದು ಬಾಕಿ ಎಂದು ಬರೆದಿದೆ. ಬಾಕಿಯೇ ಇದೆಯೋ?"

ನಾನು ನೋಡುತ್ತಿದ್ದ ಹಾಗೆಯೇ ಸರ್ವರ್ ಬೇಗಂ ತುಟಿಯ ಮೇಲೆ ಬೆರಳಿಟ್ಟು, ತಮ್ಮ ಸ್ವಂತ ಮಗಳ ರಟ್ಟೆ ಹಿಡಿದು ಎಳೆದು, ಆಗಲೇ ಒಮ್ಮೆ ತೋರಿಸಿದ್ದ ಆ ತೋಳನ್ನೇ ಮತ್ತೆ ಸೀಳಿನಾಚೆಗೆ ತಳ್ಳಿಬಿಟ್ಟರು. ಶರೀಫುನ್ನೀಸಾ ಮೂಲೆಯಲ್ಲಿ ಕೂತು, ಗೋರಂಟಿ ಹಚ್ಚಿದ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ತಪ್ಪಿಸಿಕೊಂಡ ಖುಷಿ ಅವಳಿಗೆ.

"ಓಹೋ, ಇದೂ ಆಗಿದೆಯಲ್ಲ!" ಇನ್‌ಸ್ಪೆಕ್ಟರ ದನಿಯಲ್ಲಿ ನಿಜವಾದ ಸಂತೋಷವಿತ್ತು. "ಬೀದಿ ಪೂರ್ತಿಯಾಯಿತು ಗಫಾರ್ ಸಾಹೇಬರೇ. ಇವತ್ತೇ ಬರೆಯುತ್ತೇನೆ."

ಸರ್ವರ್ ಬೇಗಂ ನಜ್ಮುನ್ನೀಸಾಳ ಕಡೆ ತಿರುಗಿ ಕಣ್ಣು ಮಿಟುಕಿಸಿದರು. ಅದರಲ್ಲಿ ಮೋಸವೇನೂ ಇರಲಿಲ್ಲ. ಒಂದು ತೋಳಿಗಾಗಿ ಈ ಹುಡುಗಿಯ ಅನ್ನ ಹೋಗಬಾರದೆಂದು ಅಂಥ ದೊಡ್ಡ ಮನೆಯ ಯಜಮಾನಿ ಸುಳ್ಳಾಡಿದ್ದರು. ನಜ್ಮುನ್ನೀಸಾಳ ಮುಖ ಬಿಳುಚಿತು. ಅವಳು ಮೂಲೆಯ ಹುಡುಗಿಯನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಸುಮ್ಮನಿರೇ, ಸುಮ್ಮನಿರು ಎಂದು ನಾನೂ ಮನಸ್ಸಿನಲ್ಲೇ ಬೇಡಿಕೊಂಡೆ. ಸುಳ್ಳೇಕೆ ಹೇಳಲಿ?

"ಸ್ವಾಮಿ," ಎಂದಳು ಅವಳು ದುಪ್ಪಟಿಗೆ ಮುಖ ಮಾಡಿ. "ಆ ತೋಳು ಶರೀಫುನ್ನೀಸಾಳದಲ್ಲ. ಅವಳಿಗೆ ಇನ್ನೂ ದಾಕು ಹಾಕಿಲ್ಲ."

ಹೊರಗೆ ಕುರ್ಚಿ ಕಿರ್ರೆಂದಿತು.

"ನಜ್ಮುನ್ನೀಸಮ್ಮ," ಎಂದರು ಇನ್‌ಸ್ಪೆಕ್ಟರು. "ಹಾಗಾದರೆ ಇದುವರೆಗೂ ನಾನು ನೋಡಿದ ತೋಳುಗಳೆಲ್ಲ ಯಾರ ಯಾರವು?"

ನಾನು ಒಳಗಿನಿಂದಲೇ, "ಉಳಿದವೆಲ್ಲ ಸರಿಯಾದವೇ, ನಾನು ನೋಡಿದ್ದೇನೆ," ಎಂದು ಕೂಗಿದೆ. ಆದರೆ ನನ್ನ ಕಣ್ಣು ಲೆಕ್ಕಕ್ಕಿಲ್ಲವೆಂದು ಮೊದಲೇ ಆಗಿತ್ತಲ್ಲ. ಅವರು ಎದ್ದು ಹೊರಟುಹೋದರು.

ಸರ್ವರ್ ಬೇಗಂ ದುಪ್ಪಟಿಯನ್ನು ಒಂದೇ ಏಟಿಗೆ ಕಿತ್ತೆಳೆದರು. "ನಿನ್ನ ಅನ್ನ ಉಳಿಸೋಕೆ ಹೋದೆ. ಬೀದಿ ಹೆಂಗಸರ ಎದುರಿಗೆ ನನ್ನನ್ನ ಸುಳ್ಳಿ ಮಾಡಿದೆ. ಈ ಹೊಸಲು ಇನ್ನು ತುಳೀಬೇಡ," ಎಂದರು. ಅಳುತ್ತಿದ್ದರು ಕೂಡ.

ದಾರಿಯುದ್ದಕ್ಕೂ ನಾನು ನಜ್ಮುನ್ನೀಸಾಳನ್ನು ಬಯ್ದೆ. "ಬಾಯಿ ಮುಚ್ಚಿಕೊಂಡಿದ್ದು ನಾಳೆ ಬಂದು ಹಾಕಿದ್ದರೆ ಏನು ಗಂಟು ಹೋಗುತ್ತಿತ್ತೇ ನಿಂದು?"

"ಆಯ್ತು ಅಂತ ಬರೆದಾದ್ಮೇಲೆ ನನ್ನನ್ನ ಆ ಮನೆಗೆ ಯಾರು ಕಳಿಸ್ತಾರೆ ಶ್ರೀಮತಿ? ಖಾಲಾ ಆದ್ರೂ ಯಾಕೆ ತೋಳು ಕೊಡಿಸ್ತಾರೆ?" ಎಂದಳು. "ಹಿಂದಿನ ಗಲ್ಲೀಲಿ ಸಿಡುಬು ಬಂದಿದೆ ಕಣೆ. ಒಂದು ಗೋಡೆ ಅಡ್ಡ ಅಷ್ಟೆ."

ಗಫಾರ್ ಪೆಟ್ಟಿಗೆ ಹಿಡಿದು ಹಿಂದೆ ಬರುತ್ತಿದ್ದ. ಮನೆ ಹತ್ತಿರ ಬಂದಾಗ, "ಇವ್ಳು ಮಾಡಿದ್ದು ಸರಿ ಅಂತ ನಂಗೂ ಗೊತ್ತು ಟೀಚರಮ್ಮ. ಗೊತ್ತಿರಾದ್ನ ಒಲೆ ಮ್ಯಾಲೆ ಇಟ್ರೆ ಬೇಯಕ್ಕಿಲ್ವಲ್ಲ," ಎಂದ.

ಆರ್ಡರು ಬಂತು. ಈ ಊರಿನ ಪರದೆ ಮನೆಗಳ ತಪಾಸಣೆ ಸಾಧ್ಯವಿಲ್ಲದ ಕಾರಣ ಹಂಗಾಮಿ ಹುದ್ದೆ ತಿಂಗಳ ಕೊನೆಗೆ ರದ್ದು, ಪೆಟ್ಟಿಗೆಯನ್ನು ಚೌಡಯ್ಯನಿಗೆ ಒಪ್ಪಿಸತಕ್ಕದ್ದು. ಉಳಿದ ದಿನಗಳಲ್ಲಿ ನಜ್ಮುನ್ನೀಸಾ ದಿನವೂ ಸರ್ವರ್ ಬೇಗಂ ಬಾಗಿಲಿಗೆ ಹೋಗಿ ನಿಂತಳು. ಬಾಗಿಲು ತೆರೆಯಲಿಲ್ಲ. ಬೀದಿಯಲ್ಲಿ ಪೆಟ್ಟಿಗೆ ಹಿಡಿದು ನಿಂತ ಗಫಾರನನ್ನು ನೋಡಿ ಈಗ ಯಾರೂ ನಗುತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನ ಗಲ್ಲಿಯ ಚಿಕ್ಕಬೋರಮ್ಮನ ಮಗಳು ಸಿಡುಬಿನಲ್ಲಿ ತೀರಿಕೊಂಡಳು. ಮದುವೆ ಗೊತ್ತಾಗಿದ್ದ ಹುಡುಗಿ. ಹಿತ್ತಿಲ ಗೋಡೆಯ ಮೇಲಿಂದ ಶರೀಫುನ್ನೀಸಾಳ ಜೊತೆ ಹರಟುತ್ತಿದ್ದವಳು.

ತಿಂಗಳ ಕೊನೆಯ ದಿನ ಮಧ್ಯಾಹ್ನ, ಪೆಟ್ಟಿಗೆ ಕಟ್ಟಿಟ್ಟು ಕೂತಿದ್ದ ನಜ್ಮುನ್ನೀಸಾಳ ಹಿತ್ತಿಲ ಬಾಗಿಲನ್ನು ಯಾರೋ ತಟ್ಟಿದರು. ತೆರೆದರೆ ಶರೀಫುನ್ನೀಸಾ. ಮದುವೆಯಾಗಿ ಬಂದ ಮೇಲೆ ಒಂಟಿಯಾಗಿ ಹೊಸಲು ದಾಟಿರದ ಹುಡುಗಿ, ಆಗಲೇ ತೋಳು ಚಾಚಿ ನಿಂತಿದ್ದಳು.

"ಹಾಕಿಬಿಡಿ ಅಕ್ಕ. ಬೇಗ. ಅತ್ತೆ ಮಲಗಿದಾರೆ. ಅವರಿಗೆ ಹೇಳಬೇಡಿ."

ಪೆಟ್ಟಿಗೆಯಲ್ಲಿ ಒಂದೇ ನಳಿಗೆ ಉಳಿದಿತ್ತು. ಅದು ಬಂದು ಬಹಳ ದಿನಗಳಾಗಿದ್ದವು. ಬಸ್ಸು ಕೆಟ್ಟು ಮದ್ದೂರಿನ ದಾರಿಯ ಬಿಸಿಲಿನಲ್ಲಿ ನಿಂತಿದ್ದಾಗ ಬೇರೆ ಕಾದಿತ್ತು. ಔಷಧಿ ಬದುಕಿದೆಯೋ ಸತ್ತಿದೆಯೋ ಅವಳಿಗೆ ತಿಳಿಯದು. ಹೊಸದು ತರಿಸಲು ನಾಳೆ ಎಂಬುದು ಅವಳಿಗಿಲ್ಲ. ಗಫಾರ್ ಬಾಗಿಲು ಕಾದ. ಅವಳು ತೋಳಿನ ಮೇಲೆ ದಾಕಿನ ನಾಲ್ಕು ಗುರುತು ಹಾಕಿ ಕಳಿಸಿದಳು. ಸಂಜೆ ಪೆಟ್ಟಿಗೆ ಕೊಡಲು ಹೋದರೆ ಚೌಡಯ್ಯ ಕಣ್ಣೆತ್ತಿ ನೋಡದೆ, "ಏನ್ ಮಾಡಾದಮ್ಮ, ನಮ್ ಕೈಲಿ ಏನೈತೆ," ಎಂದನಂತೆ.

ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಇವಳಿಗೆ ಚಿಂತೆ ಶುರುವಾದದ್ದೇ ಆಮೇಲೆ. ಮನೆಯಲ್ಲಿ ಬೀಡಿ ಕಟ್ಟಲು ಕೂತಿದ್ದಳು, ಬೇರೆ ದಾರಿಯಿರಲಿಲ್ಲ. ಎಲೆ ಕತ್ತರಿಸುತ್ತ ಕತ್ತರಿಸುತ್ತ ಕತ್ತರಿ ನಿಂತುಬಿಡುವುದು. "ಗುಳ್ಳೆ ಎದ್ದಿರುತ್ತಾ ಶ್ರೀಮತಿ? ಏಳದಿದ್ರೆ? ದಾಕು ಆಯ್ತಲ್ಲ ಅಂತ ಆ ಹುಡುಗಿ ಧೈರ್ಯವಾಗಿ ಓಡಾಡ್ತಿರುತ್ತೆ. ನಾನೇ ಅವಳಿಗೆ ಸುಳ್ಳು ಧೈರ್ಯ ಕೊಟ್ಟು ಕಳಿಸಿದ ಹಾಗಾಯ್ತಲ್ಲ."

ಎಂಟನೆಯ ದಿನ ಹೋಗಿ ನೋಡುವ ಅಧಿಕಾರ ಅವಳಿಗಿರಲಿಲ್ಲ. ಆ ಮನೆಯ ಹೊಸಲೂ ಇಲ್ಲ, ಸರ್ಕಾರದ ಆರ್ಡರೂ ಇಲ್ಲ. ಆ ದಿನ ನಾನೇ ನೆಪ ಮಾಡಿಕೊಂಡು ಹೋದೆ. ಸರ್ವರ್ ಬೇಗಂ ಜಗಲಿಯಲ್ಲೇ ಕೂರಿಸಿ, ಎಲೆ ಅಡಿಕೆ ಕೊಟ್ಟು, "ಸೊಸೆ ಮಲಗಿದಾಳೆ," ಎಂದು ಕಳಿಸಿಕೊಟ್ಟರು. ಮಲಗಿದ್ದಾಳೆ ಎಂದರೆ ಏನರ್ಥ? ಅದನ್ನು ನಾನು ನಜ್ಮುನ್ನೀಸಾಳಿಗೆ ಹೇಳಲೇಬಾರದಿತ್ತು. ಅವಳು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದಳು. ಸಿಡುಬೇ ಬಂದು ಮಲಗಿದ್ದಾಳೆ ಎಂದು ಅವಳಿಗೆ ಗಟ್ಟಿಯಾಗಿಹೋಯಿತು. ನನಗೂ ಹಾಗೆಯೇ ಅನ್ನಿಸಿತು.

ಮಾರನೆಯ ಬೆಳಗ್ಗೆ ನಾನು ಶಾಲೆಗೆ ಹೋಗುವ ಮುಂಚೆ ಅವಳ ಮನೆಯಲ್ಲಿ ಕೂತಿದ್ದೆ. ಬೀದಿಯ ಕಡೆಯಿಂದ ಗದ್ದಲ ಕೇಳಿಸಿತು. ಸರ್ವರ್ ಬೇಗಂ! ಬುರಖಾದ ಮುಸುಕು ಹಿಂದಕ್ಕೆ ಜಾರಿದೆ, ಬೀದಿಯಲ್ಲಿ ಗಂಡಸರಿದ್ದಾರೆಂಬ ಪರಿವೆಯೂ ಇಲ್ಲ. ನೇರ ಒಳಗೆ ನುಗ್ಗಿದರು.

"ಕಳ್ಳಿ! ನನ್ನ ಕಣ್ಣಿಗೆ ಮಣ್ಣೆರಚಿ ನನ್ನ ಸೊಸೆಗೆ ಏನು ಮಾಡಿದೆ? ಮೂರು ದಿನದಿಂದ ಜ್ವರ, ಯಾಕೆ ಅಂತ ಒದ್ದಾಡ್ತಿದೀನಿ. ಇವತ್ತು ಕುಪ್ಪಸ ಬಿಚ್ಚಿಸಿ ನೋಡ್ತೀನಿ..."

ನಜ್ಮುನ್ನೀಸಾ ಎದ್ದು ನಿಂತಳು. ಮಡಿಲಿನ ಬೀಡಿ ಎಲೆಯೆಲ್ಲ ನೆಲಕ್ಕೆ ಬಿತ್ತು. "ಖಾಲಾ, ಎದ್ದಿದೆಯಾ?"

"ಏನು ಎದ್ದಿದೆಯಾ?"

"ತೋಳಿನ ಮೇಲೆ. ನಾನು ಹಾಕಿದ ಕಡೆ. ಗುಳ್ಳೆ ಎದ್ದಿದೆಯಾ?"

"ಎದ್ದಿದೆಯಾ ಅಂತ ನನ್ನನ್ನೇ ಕೇಳ್ತೀಯಲ್ಲ! ಬಟಾಣಿ ಗಾತ್ರ ಎದ್ದವೆ, ನಾಕಕ್ಕೆ ನಾಕೂ! ಕಂಕುಳಲ್ಲಿ ಗಡ್ಡೆ ಕಟ್ಟಿದೆ, ತೋಳು ಎತ್ತೋಕಾಗಲ್ಲ..."

"ಬೇರೆ ಕಡೆ? ಮುಖದ ಮೇಲೆ? ಮೈ ಮೇಲೆ?"

"ಬೇರೆ ಕಡೆ ಯಾಕೆ ಏಳುತ್ತೆ? ನೀನು ಚುಚ್ಚಿದ ಕಡೇನೇ!"

ನಜ್ಮುನ್ನೀಸಾ ಅಲ್ಲೇ ಕುಸಿದು ಕೂತು, ಸರ್ವರ್ ಬೇಗಂ ಅವರ ಎರಡು ಕೈಯನ್ನೂ ಹಿಡಿದು ಕಣ್ಣಿಗೊತ್ತಿಕೊಂಡಳು. "ಬಯ್ಯಿರಿ ಖಾಲಾ. ಇನ್ನೂ ಬಯ್ಯಿರಿ. ನಾಕೂ ಎದ್ದಿದೆ ಅಂತ ಇನ್ನೊಂದ್ಸಲ ಹೇಳಿ."

ಅವರು ಬೆಪ್ಪಾಗಿ ನನ್ನ ಮುಖ ನೋಡಿದರು. ನನ್ನ ಕಣ್ಣಲ್ಲೂ ನೀರು ಬಂದಿತ್ತು. ಗದ್ದಲ ಕೇಳಿ ಹಿತ್ತಿಲಿನಿಂದ ಓಡಿಬಂದ ಗಫಾರ್, ಹೆಂಡತಿ ಅಳುವುದನ್ನು ಕಂಡು ಗಾಬರಿಯಾಗಿ, "ಯಾಕಮ್ಮಿ, ಏನಾಯ್ತು?" ಎಂದ.

"ಎದ್ದಿದೆಯಂತೆ," ಎಂದಳು ಅವಳು.